ಸಾಕ್ಷಿ ಉಳಿಯದಂತೆ ಮಾಡಿದ ಕೆಲಸವನ್ನು ಪ್ರದರ್ಶನಕ್ಕಿಡುವುದು: ಲ ಶಾಂಬೋಂ ಪ್ರಕರಣ

ದಕ್ಷಿಣ ಮಧ್ಯ ಫ್ರಾನ್ಸಿನ ಓತ್-ಲ್ವಾರ್ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ 1000 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ, ಲ ಶಾಂಬೋಂ-ಸುರ್-ಲಿನ್ಯೋಂ ಎಂಬ ಊರಿದೆ. ಈಗಿನ ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಊರಿನವರೂ ಸುತ್ತಲಿನ ಹಳ್ಳಿಗಳವರೂ ನಾಜಿಗಳಿಂದ ಮತ್ತು ಅವರ ಜೊತೆ ಕೈಜೋಡಿಸಿದ್ದ ಫ್ರಾನ್ಸಿನದೇ ವಿಶಿ ಸರ್ಕಾರದಿಂದ ತಪ್ಪಿಸಿಕೊಂಡು ಬಂದ ಯಹೂದಿಗಳಿಗೆ ನೆಲೆ ಕೊಟ್ಟರು. ಅವರಲ್ಲಿ ಮಕ್ಕಳೇ ಬಹಳ. ಸ್ಪೇನಿನ ಅಂತರ್ಯುದ್ಧದಲ್ಲಿ ಸೋತು ಬಂದವರು, ಹಿಟ್ಲರನ ವಿರೋಧಿಗಳಾದ ಜರ್ಮನರು, ಕಡ್ಡಾಯ ದುಡಿಮೆಗೆ ಜರ್ಮನಿಗೆ ಹೋಗಲು ಒಪ್ಪದ ಫ್ರೆಂಚ್ ಹುಡುಗರು ಕೂಡ ಅಲ್ಲಿ ತಂಗಿದ್ದರು. 2013ರ ಜೂನ್‌ನಲ್ಲಿ ಊರಿನ ಪ್ರಾಟೆಸ್ಟಂಟ್ ಪ್ರಾರ್ಥನಾಲಯದ ಎದುರಿಗೆ, ಹಿಂದೆ ಶಾಲೆಯಾಗಿದ್ದ ಕಟ್ಟಡದಲ್ಲಿ, ಇದಕ್ಕೊಂದು ವಸ್ತುಸಂಗ್ರಹಾಲಯ ತೆರೆಯಿತು. ಅದಕ್ಕೆ ಅವರು ‘ಮ್ಯೂಸಿಯಂ’ ಎಂದು ಹೆಸರಿಡದೆ ‘ಲಿಯು ದ ಮೆಮ್ವಾರ್’, ಅಂದರೆ ನೆನಪಿನ ತಾಣ, ಎಂದಿಟ್ಟರು.

ಇದನ್ನು ಅಧ್ಯಯನಕ್ಕೆ ಎತ್ತಿಕೊಳ್ಳಲು ಕಾರಣ ಒಂದೇ. ಇಲ್ಲಿ ನಡೆದ ಕೆಲಸ ಯಶಸ್ವಿಯಾಗಬೇಕಾದರೆ ಅದರ ಗುರುತು ಎಲ್ಲಿಯೂ ಉಳಿಯಬಾರದಿತ್ತು. ಯಾರೂ ಪಟ್ಟಿ ಬರೆದಿಡಲಿಲ್ಲ, ಫೋಟೋ ತೆಗೆದವರು ಕಡಿಮೆ, ಬಂದವರ ನಿಜವಾದ ಹೆಸರು ಮನೆಯೊಡತಿಗೂ ಗೊತ್ತಿರಲಿಲ್ಲ. ಹೀಗೆ ಬೇಕೆಂದೇ ಅಳಿಸಿಹಾಕಿದ್ದನ್ನು ಎಪ್ಪತ್ತು ವರ್ಷದ ಮೇಲೆ ಗಾಜಿನ ಪೆಟ್ಟಿಗೆಯಲ್ಲಿಡುವುದು ಹೇಗೆ? ಹಾಗೆ ಹೊರಟವರು ಎಲ್ಲೆಲ್ಲಿ ಎಡವುತ್ತಾರೆ?

ಊರು ಮೊದಲೇ ಸಜ್ಜಾಗಿತ್ತು

ಈ ಊರೇ ಯಾಕೆ ಎಂದು ಕೇಳಿದರೆ ಜನ ಸಾಮಾನ್ಯವಾಗಿ ಧರ್ಮದ ಕಾರಣವನ್ನು ಮೊದಲು ಹೇಳುತ್ತಾರೆ. ಅದು ಸುಳ್ಳಲ್ಲ. ಕ್ಯಾಥೊಲಿಕರೇ ತುಂಬಿದ ಫ್ರಾನ್ಸಿನಲ್ಲಿ ಈ ಪ್ರಸ್ಥಭೂಮಿ ಪ್ರಾಟೆಸ್ಟಂಟರ ನೆಲೆ. 1685ರಲ್ಲಿ ಹದಿನಾಲ್ಕನೆಯ ಲೂಯಿ ಅವರ ಆರಾಧನೆಯನ್ನೇ ಕಾನೂನುಬಾಹಿರ ಮಾಡಿದ. ಆಮೇಲೆ ನೂರು ವರ್ಷ ಅವರು ಕಾಡಿನಲ್ಲಿ, ಕೊಟ್ಟಿಗೆಯಲ್ಲಿ ಗುಟ್ಟಾಗಿ ಪ್ರಾರ್ಥನೆಗೆ ಸೇರುತ್ತಿದ್ದರು. ಪಾದ್ರಿಗಳನ್ನು ಅಟ್ಟದಲ್ಲಿ ಬಚ್ಚಿಡುತ್ತಿದ್ದರು. ನಂಬಿಕೆ ಬಿಡಲೊಪ್ಪದ ಮರಿ ದ್ಯುರಾಂ ಎಂಬ ಹೆಂಗಸು 1730ರಿಂದ 1768ರವರೆಗೆ, 38 ವರ್ಷ, ಕೋಟೆಯ ಗೋಪುರದಲ್ಲಿ ಸೆರೆಯಲ್ಲಿದ್ದಳು ಎಂಬುದು ಅಲ್ಲಿನ ಪ್ರಾಟೆಸ್ಟಂಟ್ ಮಕ್ಕಳು ಕೇಳಿ ಬೆಳೆಯುವ ಮಾತು. ಯಹೂದಿಗಳ ಕಥೆ ಹೇಳುವ ಬೈಬಲಿನ ಹಳೆಯ ಒಡಂಬಡಿಕೆ ಅವರ ಮನೆಮಾತು. ಹಾಗಾಗಿ ಬಾಗಿಲು ತಟ್ಟಿದ ಯಹೂದಿ ಅವರಿಗೆ ತೀರಾ ಪರಕೀಯನಾಗಿ ಕಾಣಲಿಲ್ಲ.

ಆದರೆ ಸಾವಿರಾರು ಜನರನ್ನು ಉಳಿಸಿಕೊಳ್ಳಲು ಕರುಣೆಯೊಂದೇ ಸಾಲದು. ಹಾಸಿಗೆ ಬೇಕು, ಒಲೆ ಬೇಕು, ಹೊಸಬರು ಊರಲ್ಲಿ ಓಡಾಡಿದರೆ ಯಾರೂ ಹುಬ್ಬೇರಿಸದ ವಾತಾವರಣ ಬೇಕು. ಶಾಂಬೋಂನಲ್ಲಿ ಮೂರೂ ಇದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಾದ್ರಿ ಲೂಯಿ ಕೋಂತ್ ಎಂಬವರು ಸೆಂತ್-ಎತಿಯೆನ್ ಪಟ್ಟಣದ ಗಣಿ ಕಾರ್ಮಿಕರ ಬಡಕಲು ಮಕ್ಕಳನ್ನು ಬೇಸಿಗೆಯಲ್ಲಿ ಬೆಟ್ಟದ ಗಾಳಿಗೆ ಕಳಿಸುವ ವ್ಯವಸ್ಥೆ ಮಾಡಿದರು. ಅಲ್ಲಿಂದ ಐವತ್ತು ವರ್ಷ ಈ ಪ್ರಸ್ಥಭೂಮಿಯ ರೈತರು ಪರವೂರಿನ ಮಕ್ಕಳನ್ನು ದುಡ್ಡು ಪಡೆದು ಇಟ್ಟುಕೊಳ್ಳುವುದು ರೂಢಿಯಾಯಿತು. ಸಣ್ಣ ಹೋಟೆಲುಗಳು, ಊಟ ವಸತಿಯ ‘ಪಾಂಸಿಯೋಂ’ಗಳು, ಮಕ್ಕಳ ತಂಗುಮನೆಗಳು ಎದ್ದವು. ಕಡಿದಾದ ಹಾದಿಯಲ್ಲಿ ಏದುಸಿರು ಬಿಡುತ್ತ ಹತ್ತುವ ಕಿರುಗೇಜಿನ ರೈಲು ಊರ ನಡುವಿನ ನಿಲ್ದಾಣಕ್ಕೆ ಬರುತ್ತಿತ್ತು. 1938ರಲ್ಲಿ ಪಾದ್ರಿಗಳಾದ ಆಂದ್ರೆ ತ್ರೋಕ್ಮೆ ಮತ್ತು ಎದುವಾರ್ ತೇಸ್ ಗಂಡು ಹೆಣ್ಣು ಒಟ್ಟಿಗೆ ಓದುವ ಪ್ರೌಢಶಾಲೆಯೊಂದನ್ನು ತೆರೆದರು. ಶಾಲೆಗೆಂದು ಹೊರಗಿನ ಹುಡುಗರು ಬಂದರೆ ಯಾರಿಗೆ ಅನುಮಾನ?

ಸಂಗ್ರಹಾಲಯಗಳ ಬಗ್ಗೆ ಕಾರ್ಯಾಗಾರ ನಡೆಸುವವರು ಈ ಅಂಶವನ್ನು ಹಾರಿಸಿಬಿಡುತ್ತಾರೆ, ಅದು ತಪ್ಪು. ‘ಒಳ್ಳೆಯ ಜನ, ಹಾಗಾಗಿ ಉಳಿಸಿದರು’ ಎಂದು ನಿಲ್ಲಿಸಿದರೆ ನೋಡುಗ ಕೈಮುಗಿದು ಹೊರಡುತ್ತಾನೆ. ಹಾಸಿಗೆಯ ಲೆಕ್ಕ ತೋರಿಸಿದರೆ ಕೆಲಸ ಹೇಗಾಯಿತೆಂದು ತಿಳಿಯುತ್ತದೆ.

ಬಚ್ಚಿಡುವ ಕ್ರಮ

1940ರ ಜೂನ್ 22ರಂದು ಫ್ರಾನ್ಸ್ ಶರಣಾಗತಿಯ ಒಪ್ಪಂದಕ್ಕೆ ಸಹಿ ಹಾಕಿತು. ಮಾರನೆಯ ದಿನ ಭಾನುವಾರ. ಮನಸ್ಸಾಕ್ಷಿಯ ಮೇಲೆ ಬಲಾತ್ಕಾರ ನಡೆದಾಗ ಅದನ್ನು ಆತ್ಮದ ಆಯುಧಗಳಿಂದ ಎದುರಿಸುವುದೇ ಕ್ರೈಸ್ತರ ಕರ್ತವ್ಯ ಎಂದು ಶಾಂಬೋಂನ ಪ್ರಾರ್ಥನಾಲಯದಲ್ಲಿ ತ್ರೋಕ್ಮೆ, ತೇಸ್ ಸಾರಿದರು. ಆ ಕಟ್ಟಡದ ಬಾಗಿಲ ಮೇಲೆ ‘ಒಬ್ಬರನ್ನೊಬ್ಬರು ಪ್ರೀತಿಸಿರಿ’ ಎಂದು ಕೆತ್ತಿದೆ.

ಮೊದಲ ಹಂತದಲ್ಲಿ ಬಂದವರು ಕಾನೂನುಬದ್ಧವಾಗಿಯೇ ಬಂದರು. ದಕ್ಷಿಣ ಫ್ರಾನ್ಸಿನ ಗ್ಯುರ್ಸ್, ರಿವ್‌ಸಾಲ್ತ್ ಮುಂತಾದ ಬಂಧನ ಶಿಬಿರಗಳಲ್ಲಿ ವಿದೇಶಿ ಯಹೂದಿಗಳನ್ನು ಕೂಡಿಹಾಕಿದ್ದರು. ಅಮೆರಿಕದ ಕ್ವೇಕರರು (ಯುದ್ಧವನ್ನು ಒಪ್ಪದ ಕ್ರೈಸ್ತ ಪಂಥದವರು), ಪ್ರಾಟೆಸ್ಟಂಟ್ ನೆರವು ಸಂಸ್ಥೆ ಸಿಮಾದ್, ಯಹೂದಿ ಮಕ್ಕಳ ಸಂಸ್ಥೆ ಒಎಸ್‌ಇ, ಸ್ವಿಸ್ ನೆರವು ಸಂಸ್ಥೆ, ಇವರೆಲ್ಲ ಅಲ್ಲಿಂದ ಮಕ್ಕಳನ್ನು ಬಿಡಿಸುತ್ತಿದ್ದರು. ಬಿಡಿಸಿದ ಮಗುವನ್ನು ಇಡಲು ಜಾಗ ತೋರಿಸಬೇಕಿತ್ತಲ್ಲ, ಆ ಜಾಗ ಶಾಂಬೋಂ ಆಯಿತು. 1941ರಲ್ಲಿ ಲಾ ಗೆಸ್ಪಿ, ಆಮೇಲೆ ಲಾಬ್ರಿಕ್, ಫೈದೋಲಿ ಎಂಬ ಮನೆಗಳು ಸ್ವಿಸ್ ನೆರವಿನಲ್ಲಿ ತೆರೆದವು. ಇವುಗಳ ಹೊಣೆ ಹೊತ್ತವನು ಅಗುಸ್ತ್ ಬೋನಿ ಎಂಬ ಎಳೆಯ ಶಿಕ್ಷಕ. ಖರ್ಚಿನ ದುಡ್ಡು ಹೊರಗಿನಿಂದ ಬರುತ್ತಿತ್ತು. ಊರಿನ ಮೇಯರ್ ಆಗಿದ್ದ ಶಾರ್ಲ್ ಗಿಯೋಂ 1940ರಲ್ಲಿ ರಾಜೀನಾಮೆ ಕೊಟ್ಟು ಜಿನೀವಾ ಸೇರಿದ್ದರು. ಗಡಿ ದಾಟಿ ದುಡ್ಡು ತಲುಪಿಸಿದವರಲ್ಲಿ ಅವರೂ ಒಬ್ಬರು.

ಎರಡನೆಯ ಹಂತ 1942ರ ಬೇಸಿಗೆಯದು. ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಸಾವಿರಾರು ಯಹೂದಿಗಳನ್ನು ಸೈಕಲ್ ಪಂದ್ಯದ ಕ್ರೀಡಾಂಗಣಕ್ಕೆ ದೂಡಿದ ಸುದ್ದಿ ಬೆಟ್ಟಕ್ಕೂ ಬಂತು. ಆಗಸ್ಟ್ 10ರಂದು ವಿಶಿ ಸರ್ಕಾರದ ಯುವಜನ ವಿಭಾಗದ ಮುಖ್ಯಸ್ಥ ಜಾರ್ಜ್ ಲಾಮಿರಾಂ ಊರಿಗೆ ಭೇಟಿ ಕೊಟ್ಟಾಗ ಪ್ರೌಢಶಾಲೆಯ ದೊಡ್ಡ ಹುಡುಗರು ಅವನ ಕೈಗೊಂದು ಪತ್ರ ಕೊಟ್ಟರು. ನಮ್ಮ ನಡುವೆ ಯಹೂದಿಗಳಿದ್ದಾರೆ, ನಾವು ಅವರಿಗೂ ನಮಗೂ ಭೇದ ಎಣಿಸುವುದಿಲ್ಲ, ಅವರನ್ನು ಹಿಡಿಯಲು ಬಂದರೆ ಬಚ್ಚಿಡುತ್ತೇವೆ ಎಂಬುದು ಅದರ ಸಾರ. ಸುಮಾರು ಎರಡು ವಾರದ ಮೇಲೆ ಪೊಲೀಸರು ಬಸ್ಸುಗಳೊಡನೆ ಬಂದಿಳಿದರು. ತ್ರೋಕ್ಮೆ ಹೆಸರುಗಳ ಪಟ್ಟಿ ಕೊಡಲಿಲ್ಲ. ವಾರಗಟ್ಟಲೆ ಹುಡುಕಿದರೂ ಬಸ್ಸುಗಳು ಬಹುತೇಕ ಖಾಲಿಯಾಗಿಯೇ ಬೆಟ್ಟ ಇಳಿದವು.

ಹೇಗೆ ತಪ್ಪಿಸಿದರು ಎಂಬುದನ್ನು ಬಿಡಿಸಿ ನೋಡಬೇಕು. ಊರ ನಡುವಿನ ತಂಗುಮನೆಗಳು ಎಲ್ಲರಿಗೂ ಕಾಣುವಂಥವು, ಬೋರ್ಡು ಹಾಕಿಕೊಂಡವು. ಸುತ್ತಲ ಕಾಡು, ಹೊಲಗಳ ನಡುವೆ ಒಂಟೊಂಟಿಯಾಗಿ ಚದುರಿದ ತೋಟದ ಮನೆಗಳು ಕಣ್ಣಿಗೆ ಬೀಳದವು. ತಪಾಸಣೆಯ ಸುಳಿವು ಸಿಕ್ಕ ರಾತ್ರಿ ಮಕ್ಕಳನ್ನು ಮೊದಲನೆಯದರಿಂದ ಎರಡನೆಯದಕ್ಕೆ ಸಾಗಿಸುವುದು. ಅಲ್ಲಿನ ರೈತರ ಮನೆ ದಪ್ಪ ಕಲ್ಲುಗೋಡೆಯದು. ವಾಸದ ಕೋಣೆ, ದನದ ಕೊಟ್ಟಿಗೆ ಒಂದೇ ಸೂರಿನಡಿ, ಮೇಲೆ ಉದ್ದಕ್ಕೂ ಹುಲ್ಲಟ್ಟ. ಕೊಟ್ಟಿಗೆಯ ಬೆಚ್ಚಗಿನ ಹವೆ ಅಟ್ಟಕ್ಕೇರುವುದರಿಂದ ಹಿಮ ಬೀಳುವ ದಿನಗಳಲ್ಲೂ ಅಲ್ಲಿ ಮಲಗಬಹುದಿತ್ತು. ಒಂದು ಮನೆಯವರಿಗೆ ಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ಗೊತ್ತಿರಬಾರದು, ಗೊತ್ತಿದ್ದರೂ ಕೇಳಬಾರದು. ಪಾದ್ರಿ ಮನೆಗಳ ನಡುವಿನ ಸಂದೇಶದಲ್ಲಿ ‘ಹಳೆಯ ಒಡಂಬಡಿಕೆಯ ಮೂರು ಪ್ರತಿ ಕಳಿಸುತ್ತಿದ್ದೇನೆ’ ಅಂದರೆ ಮೂವರು ಯಹೂದಿಗಳು ಬರುತ್ತಿದ್ದಾರೆ ಎಂದರ್ಥ. ಪಕ್ಕದ ಫೇ-ಸುರ್-ಲಿನ್ಯೋಂನ ಯುವ ಪಾದ್ರಿ ದಾನಿಯೆಲ್ ಕ್ಯುರ್ತೆ ಸ್ವಿಟ್ಜರ್ಲೆಂಡಿನಲ್ಲಿದ್ದ ತಂದೆಗೆ ಬರೆದ ಕಾಗದಗಳಲ್ಲಿ ಊರಿನ ಸ್ಥಿತಿಗತಿಯನ್ನೆಲ್ಲ ಬೈಬಲಿನ ಹೆಸರುಗಳ ಮರೆಯಲ್ಲಿ ತಿಳಿಸುತ್ತಿದ್ದ. ಸೆನ್ಸಾರಿನವನಿಗೆ ಅದು ಭಕ್ತ ಮಗನ ಪತ್ರ.

1942ರ ನವೆಂಬರ್ 11ರಂದು ಜರ್ಮನ್ ಸೇನೆ ಅದುವರೆಗೆ ವಿಶಿ ಸರ್ಕಾರದ ಕೈಯಲ್ಲಿದ್ದ ದಕ್ಷಿಣ ಫ್ರಾನ್ಸಿಗೂ ನುಗ್ಗಿತು. ಅಲ್ಲಿಂದ ಆಟ ಬೇರೆ. ರಷ್ಯಾದ ರಣರಂಗದಲ್ಲಿ ಗಾಯಗೊಂಡ ಜರ್ಮನ್ ಸೈನಿಕರನ್ನು ಚೇತರಿಸಿಕೊಳ್ಳಲೆಂದು ಶಾಂಬೋಂನ ಹೋಟೆಲೊಂದಕ್ಕೇ ತಂದಿಳಿಸಿದರು. ಮಕ್ಕಳ ತಂಗುಮನೆಗಳಿದ್ದ ಬೀದಿಗಳಲ್ಲೇ ಅವರ ಓಡಾಟ. ದೊಡ್ಡವರನ್ನು, ಹೆಚ್ಚು ಅಪಾಯದಲ್ಲಿದ್ದವರನ್ನು ಸ್ವಿಟ್ಜರ್ಲೆಂಡಿಗೆ ದಾಟಿಸುವ ಜಾಲ ಆಗ ಬಲಗೊಂಡಿತು. ಸಿಮಾದ್‌ನ ಕಾರ್ಯಕರ್ತೆಯರೂ ಮಿರೇಯ್ ಫಿಲಿಪ್ ಎಂಬ ಮಹಿಳೆಯೂ ಅದನ್ನು ನಡೆಸಿದವರಲ್ಲಿ ಪ್ರಮುಖರು.

ಒಂದು ಗುರುತಿನ ಚೀಟಿ ಹತ್ತಿರದಿಂದ

ಇಂಥ ಸಂಗ್ರಹಾಲಯದಲ್ಲಿ ಇಡಬಹುದಾದ ವಸ್ತುಗಳಲ್ಲಿ ಅತಿ ಹೆಚ್ಚು ಮಾತಾಡುವುದು ಖೋಟಾ ಗುರುತಿನ ಚೀಟಿ. ಕೆಡುವುದರಲ್ಲೂ ಅದೇ ಮುಂದು.

ಶಾಂಬೋಂನಲ್ಲಿ ಈ ಕೆಲಸದ ಮುಂಚೂಣಿಯಲ್ಲಿದ್ದವನು ಓಸ್ಕರ್ ರೊಜೊವ್‌ಸ್ಕಿ. ಬರ್ಲಿನ್‌ನಲ್ಲಿ ರಷ್ಯನ್ ಯಹೂದಿ ಮನೆತನದಲ್ಲಿ 1923ರಲ್ಲಿ ಹುಟ್ಟಿದವನು. ವೈದ್ಯನಾಗಬೇಕೆಂದಿದ್ದವನಿಗೆ ಯಹೂದಿ ಎಂಬ ಕಾರಣಕ್ಕೆ ಕಾಲೇಜಿನ ಬಾಗಿಲು ಮುಚ್ಚಿತು. ನೀಸ್ ಪಟ್ಟಣದಲ್ಲಿ ಟೈಪ್‌ರೈಟರ್ ರಿಪೇರಿ ಕಲಿತ. ಸರ್ಕಾರಿ ಕಚೇರಿಯ ಯಂತ್ರಗಳನ್ನು ಸರಿಪಡಿಸಲು ಹೋದಾಗ ಖಾಲಿ ನಮೂನೆಗಳು ಕೈಗೆ ಸಿಕ್ಕವು. ಅದೇ ಜಾಣ್ಮೆಯಿಂದ ತಾಯಿಯನ್ನು ರಿವ್‌ಸಾಲ್ತ್ ಶಿಬಿರದಿಂದ ಬಿಡಿಸಿಕೊಂಡ. ಶಾಂಬೋಂನಲ್ಲಿ ಅವನ ಹೆಸರು ಜಾಂ-ಕ್ಲೋದ್ ಪ್ಲ್ಯುನ್. ಎರಿತಿಯೇ ಎಂಬ ರೈತ ದಂಪತಿಯ ಮನೆಯಲ್ಲಿ ಉಳಿದು ರಾತ್ರಿ ಕೆಲಸ ಮಾಡುತ್ತಿದ್ದ. ಸಾಮಗ್ರಿಯನ್ನು ಬಚ್ಚಿಡುತ್ತಿದ್ದುದು ಅವರ ಜೇನುಪೆಟ್ಟಿಗೆಗಳಲ್ಲಿ. ಜೇನುಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ ಎಂದು ಯಾವ ಪೊಲೀಸನಿಗೂ ಮನಸ್ಸಾಗದು.

ಚೀಟಿ ನಂಬುವಂತಿರಬೇಕಾದರೆ ಇಷ್ಟು ಸೇರಬೇಕು: ಖಾಲಿ ಕಾರ್ಡು, ಭಾವಚಿತ್ರ, ಶುಲ್ಕದ ಸ್ಟ್ಯಾಂಪು, ಬೆರಳಚ್ಚು, ಊರಿನ ಮೊಹರು, ಅಧಿಕಾರಿಯ ಸಹಿ. ಕಾರ್ಡು ಕಾಗದದಂಗಡಿಯಲ್ಲೇ ಸಿಗುತ್ತಿದ್ದುದರಿಂದ ಅದು ಕಷ್ಟವಲ್ಲ. ಕಷ್ಟವೆಲ್ಲ ಮೊಹರಿನಲ್ಲಿ, ಹುಟ್ಟೂರಿನಲ್ಲಿ. ಹುಟ್ಟೂರು ಎಂದು ಬರೆದ ಜಾಗಕ್ಕೆ ಪೊಲೀಸರು ಒಂದು ಕಾಗದ ಬರೆದರೆ ಸಾಕು, ಗುಟ್ಟು ರಟ್ಟು. ಅದಕ್ಕೇ ಆ ಕಾಲದ ಖೋಟಾ ಕೆಲಸಗಾರರು ಬಾಂಬಿನಿಂದ ದಾಖಲೆ ಸುಟ್ಟುಹೋದ ಪಟ್ಟಣವನ್ನೋ, 1942ರ ನವೆಂಬರ್‌ನಲ್ಲಿ ಮಿತ್ರಪಡೆಗಳು ಇಳಿದ ಮೇಲೆ ಸಂಪರ್ಕ ಕಡಿದುಹೋಗಿದ್ದ ಅಲ್ಜೀರಿಯಾದ ಊರನ್ನೋ ಆರಿಸುತ್ತಿದ್ದರು. ಹೆಸರಿನ ಮೊದಲಕ್ಷರಗಳನ್ನು ಆದಷ್ಟು ಹಾಗೇ ಉಳಿಸುವುದು, ಏಕೆಂದರೆ ಅಂಗಿ, ಕರವಸ್ತ್ರದ ಮೇಲೆ ಹೊಲಿದ ಅಕ್ಷರ ಬೇರೆಯಾಗಿದ್ದರೆ ಸಿಕ್ಕಿಬೀಳುತ್ತಾರೆ. ಜರ್ಮನ್ ಧಾಟಿಯಲ್ಲಿ ಫ್ರೆಂಚ್ ಆಡುವವನಿಗೆ ಜರ್ಮನ್ ನುಡಿಯ ಗಡಿಭಾಗವಾದ ಅಲ್ಸಾಸ್‌ನವನೆಂಬ ಗುರುತು ಕೊಡುವುದು. 1942ರ ಡಿಸೆಂಬರ್ 11ರ ಕಾನೂನಿನಂತೆ ದಕ್ಷಿಣದಲ್ಲೂ ಯಹೂದಿಗಳ ಗುರುತಿನ ಚೀಟಿ, ಪಡಿತರ ಚೀಟಿಗಳ ಮೇಲೆ ‘ಯಹೂದಿ’ ಎಂದು ಮೊಹರು ಒತ್ತಿಸಬೇಕಾಯಿತು. ಹಾಗಾಗಿ ಗುರುತಿನ ಚೀಟಿ ಒಂದನ್ನೇ ಮಾಡಿದರೆ ಸಾಲದು, ಅದಕ್ಕೆ ಹೊಂದುವ ಪಡಿತರ ಚೀಟಿಯೂ ಬೇಕು. ಗುರುತಿನ ಚೀಟಿ ಇಲ್ಲದೆ ತಿಂಗಳು ದೂಡಬಹುದು, ರೊಟ್ಟಿಯ ಚೀಟಿ ಇಲ್ಲದೆ ಮೂರು ದಿನ ಕಳೆಯುವುದು ಕಷ್ಟ.

ಈಗ ಪ್ರದರ್ಶನದ ತೊಂದರೆಗೆ ಬರೋಣ. ಕೈಯಲ್ಲಿ ಬರೆದ ಅಥವಾ ಜೆಲಟಿನ್ ಹಾಸಿನ ಮೇಲಿಂದ ಎತ್ತಿದ ನೇರಳೆ ಮೊಹರಿನ ಶಾಯಿ ಅನಿಲಿನ್ ಎಂಬ ಕೃತಕ ಬಣ್ಣದ್ದು. ಬೆಳಕು ತಾಗಿದರೆ ಅದು ಕಾಗದಕ್ಕಿಂತ ಎಷ್ಟೋ ಮೊದಲು ಮಾಸುತ್ತದೆ. ಕಾಗದ ಮತ್ತು ಹಳೆಯ ಫೋಟೋಗಳಿಗೆ ಸಂಗ್ರಹಾಲಯಗಳು ಇಟ್ಟುಕೊಂಡಿರುವ ಬೆಳಕಿನ ಮಿತಿ 50 ಲಕ್ಸ್ (ಬೆಳಕಿನ ಅಳತೆ). ಈ ಶಾಯಿಗೆ ಅದೂ ಹೆಚ್ಚೇ. ಮೂರು ನಾಲ್ಕು ತಿಂಗಳು ಇಟ್ಟು, ಆಮೇಲೆ ಕತ್ತಲೆಯ ಪೆಟ್ಟಿಗೆಗೆ ಹಿಂತಿರುಗಿಸಿ, ಆ ಜಾಗದಲ್ಲಿ ಬೇರೊಂದು ಚೀಟಿ ಇಡಬೇಕು. ಬೇರೊಂದು ಇಲ್ಲದಿದ್ದರೆ ಮೊದಲ ದಿನದಿಂದಲೇ ಒಳ್ಳೆಯ ನಕಲು ಇಟ್ಟು, ‘ಇದು ನಕಲು’ ಎಂದು ಬರೆಯುವುದು ಮೇಲು. ನಕಲಿ ಚೀಟಿಯ ನಕಲು! ನಗು ಬಂದರೂ ಬರೆಯಲೇಬೇಕು; ಈ ವಿಷಯದಲ್ಲಿ ಸಣ್ಣ ಸುಳ್ಳನ್ನೂ ಹುಡುಕಿ ಹಿಡಿದು, ಇಡೀ ಯಹೂದಿ ಹತ್ಯಾಕಾಂಡವೇ ಸುಳ್ಳೆನ್ನುವವರು ಕಾದಿರುತ್ತಾರೆ. ಎತ್ತರದ ಊರುಗಳಲ್ಲಿ ಇನ್ನೊಂದು ಸಮಸ್ಯೆ, ಚಳಿಗಾಲದಲ್ಲಿ ಬಾಗಿಲು ಮುಚ್ಚಿ ಹೀಟರ್ ಆರಿಸಿದರೆ ಒಳಗಿನ ತೇವಾಂಶ ಏರಿಳಿಯುತ್ತದೆ. 45ರಿಂದ 55 ಶೇಕಡಾದಲ್ಲಿ ನಿಲ್ಲಿಸಲಾಗದಿದ್ದರೆ ಋತು ಮುಗಿದ ಕೂಡಲೇ ಮೂಲ ಕಾಗದಗಳನ್ನು ಬೇರೆ ಭಂಡಾರಕ್ಕೆ ಸಾಗಿಸಬೇಕು.

ಇನ್ನು ಪಕ್ಕದ ಬರಹ. ಒಳ್ಳೆಯ ಖೋಟಾ ಚೀಟಿಗೂ ಅಸಲಿ ಚೀಟಿಗೂ ನೋಡುಗನಿಗೆ ವ್ಯತ್ಯಾಸ ಕಾಣುವುದಿಲ್ಲ, ಕಾಣಬಾರದು. ಕ್ಯುರ್ತೆಯ ಕಾಗದವೂ ಅಷ್ಟೇ, ಬಿಡಿಸಿ ಹೇಳದಿದ್ದರೆ ಅದು ಬರೀ ಕ್ಷೇಮ ಸಮಾಚಾರ. ಹಾಗಾಗಿ ‘ಗುರುತಿನ ಚೀಟಿ, 1943’ ಎಂದು ಬರೆದು ಬಿಟ್ಟರೆ ಏನೂ ಹೇಳಿದಂತಾಗದು. ಅದರಲ್ಲಿರುವ ನಾಲ್ಕು ಸುಳ್ಳು ಯಾವುವು, ಒಂದೊಂದು ಸುಳ್ಳನ್ನೂ ಯಾಕೆ ಆರಿಸಿದರು ಎಂದು ಬರೆಯಬೇಕು. ಮೂವತ್ತು ಸೆಕೆಂಡಿನ ಓದಿಗೆ ಅಷ್ಟು ಸಾಕು.

ಎಷ್ಟು ಜನ?

ಎಲ್ಲ ನೋಡುಗರೂ ಕೇಳುವ ಪ್ರಶ್ನೆ. ಬಹಳ ಕಾಲ ಓಡಾಡಿದ ಉತ್ತರ 5000. ಆ ಅಂಕಿ ಒಟ್ಟು ನಿರಾಶ್ರಿತರದು ಎಂದು ಕೆಲವರು, ಯಹೂದಿಗಳದೇ ಎಂದು ಕೆಲವರು. ರೊಜೊವ್‌ಸ್ಕಿಯ ಅಂದಾಜಿನಲ್ಲಿ ಒಟ್ಟು 5000 ಮಂದಿ, ಅವರಲ್ಲಿ 3500 ಯಹೂದಿಗಳು. ‘5000 ಯಹೂದಿಗಳನ್ನು 5000 ಗ್ರಾಮಸ್ಥರು ಉಳಿಸಿದರು’ ಎಂಬ ಸುಂದರ ಸಮೀಕರಣ ಆಮೇಲೆ ಹುಟ್ಟಿ ಬಾಯಿಂದ ಬಾಯಿಗೆ ಹರಡಿತು. ಇತಿಹಾಸಕಾರರು ಶಾಲಾ ದಾಖಲೆ, ಪೊಲೀಸ್ ಕಡತ, ನೆರವು ಸಂಸ್ಥೆಗಳ ಪುಸ್ತಕ ಹಿಡಿದು ಹೆಸರು ಹೆಸರಾಗಿ ಎಣಿಸಿದಾಗ ಖಚಿತವಾಗಿ ಸಿಗುವುದು ಅದಕ್ಕಿಂತ ಬಹಳ ಕಡಿಮೆ.

ಇದರಲ್ಲಿ ಯಾರೂ ಸುಳ್ಳು ಹೇಳಿದ್ದಾರೆಂದಲ್ಲ. ಒಬ್ಬನೇ ಎರಡು ಹೆಸರಿನಲ್ಲಿ ಎರಡು ಮನೆಯಲ್ಲಿ ಇದ್ದರೆ ಎರಡು ಲೆಕ್ಕ. ಮೂರು ರಾತ್ರಿ ತಂಗಿ ಗಡಿ ದಾಟಿದವನು ಒಂದು, ನಾಲ್ಕು ವರ್ಷ ಶಾಲೆ ಓದಿದವನೂ ಒಂದು. ಕಡತದಲ್ಲಿ ಬಿದ್ದವರು ಕಡತಕ್ಕೆ ಬೀಳುವಷ್ಟು ಬಯಲಲ್ಲಿದ್ದವರು. ಚೆನ್ನಾಗಿ ಬಚ್ಚಿಟ್ಟುಕೊಂಡವರು ಯಾವ ಎಣಿಕೆಗೂ ಸಿಕ್ಕುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದೇ ಅಂಕಿ ಬರೆಯುವುದು ಈ ಪ್ರಕರಣದಲ್ಲಿ ಮಾಡಬಹುದಾದ ದೊಡ್ಡ ತಪ್ಪು. ನಾಳೆ ಅದು ಕೆಳಗಿಳಿದರೆ ನಡೆದ ಕೆಲಸವೇ ಚಿಕ್ಕದಾಯಿತೇನೋ ಎಂಬಂತೆ ಕಾಣುತ್ತದೆ. ಹೆಸರಿನಿಂದ ತಿಳಿದವರೆಷ್ಟು, ಅಂದಾಜು ಎಷ್ಟರಿಂದ ಎಷ್ಟರವರೆಗೆ ಎಂದು ಎರಡು ಸಾಲು ಕೊಡುವುದೇ ಸರಿ. ಮಾರ್ಗದರ್ಶಿಗಳು ಇದನ್ನು ಇಷ್ಟಪಡುವುದಿಲ್ಲ, ಬಸ್ಸಿನಲ್ಲಿ ಬಂದ ಗುಂಪಿಗೆ ಒಂದು ಅಂಕಿ ಬೇಕು.

ಯಾರ ಹೆಸರು ಬರೆಯುವುದು?

ಇದು ಅಂಕಿಗಿಂತ ಕಹಿ ಜಗಳ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಂದ ಒಂದು ಪುಸ್ತಕ ಇಡೀ ಕಥೆಯನ್ನು ತ್ರೋಕ್ಮೆಯ ಸುತ್ತ ಹೆಣೆಯಿತು. ತ್ರೋಕ್ಮೆ ಅಹಿಂಸಾವಾದಿ, ಮಾತುಗಾರ, ಜೊತೆಗೆ ಇಟಲಿಯಲ್ಲಿ ಹುಟ್ಟಿದ ಹೆಂಡತಿ ಮಾಗ್ದಾ. ಬಾಗಿಲು ತಟ್ಟಿದವರನ್ನು ಒಳಕ್ಕೆ ಕರೆದು ಊಟ ಹಾಕಿ ಮನೆ ಹುಡುಕಿಕೊಡುತ್ತಿದ್ದವರು ಮಾಗ್ದಾ. ಬರೆಯುವವರಿಗೆ ಇನ್ನೇನು ಬೇಕು? ಓದಿದ ಊರಿನವರು ಮುಖ ಸಿಂಡರಿಸಿದರು. ಫೇ, ಮಾಜೆ-ಸೆಂ-ವ್ವಾ, ತಾಂಸ್, ಸೆಂತ್-ಅಗ್ರೇವ್ ಊರುಗಳ ಪಾದ್ರಿಗಳೂ ರೈತರೂ ಅದೇ ಕೆಲಸ ಮಾಡಿರಲಿಲ್ಲವೇ? ಕ್ಯಾಥೊಲಿಕ್ ಮನೆಗಳು ಇರಲಿಲ್ಲವೇ? ಪ್ರಾರ್ಥನಾಲಯದತ್ತ ತಲೆಯನ್ನೂ ಹಾಕದ, ಬೈಬಲನ್ನೇ ಕಟ್ಟಾಗಿ ನಂಬುವ ದಾರ್ಬಿ ಪಂಥದ ರೈತರು? ಕಾಡಿನಲ್ಲಿ ಬಂದೂಕು ಹಿಡಿದವರು? 1990ರಲ್ಲಿ ಶಾಂಬೋಂನಲ್ಲೇ ನಡೆದ ವಿಚಾರ ಸಂಕಿರಣದಲ್ಲಿ ಇವೆಲ್ಲ ಬಯಲಿಗೆ ಬಂದು, ‘ಒಂದು ಊರು’ ಎನ್ನುವ ಬದಲು ‘ಪ್ರಸ್ಥಭೂಮಿ’ ಎನ್ನುವ ರೂಢಿ ಗಟ್ಟಿಯಾಯಿತು.

ಅದೇ 1990ರಲ್ಲಿ ಯಹೂದಿ ಹತ್ಯಾಕಾಂಡದ ನೆನಪಿಗಾಗಿ ಇರುವ ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ ಶಾಂಬೋಂ ಮತ್ತು ನೆರೆಯ ಊರುಗಳ ಜನರಿಗೆ ಒಟ್ಟಾಗಿ ಗೌರವಪತ್ರ ಕೊಟ್ಟಿತು. ಇದು ಬಲು ಅಪರೂಪ. ಆ ಸಂಸ್ಥೆಯ ‘ರಾಷ್ಟ್ರಗಳ ನಡುವಣ ನೀತಿವಂತರು’ ಎಂಬ ಬಿರುದು ವ್ಯಕ್ತಿಗೆ ಸಲ್ಲುವಂಥದ್ದು, ಅದಕ್ಕೆ ಕಟ್ಟುನಿಟ್ಟಿನ ಷರತ್ತುಗಳಿವೆ. ಉಳಿಸಿದವನು ಯಹೂದಿಯಾಗಿರಬಾರದು, ಪ್ರಾಣ ಅಥವಾ ಸ್ವಾತಂತ್ರ್ಯ ಪಣಕ್ಕಿಟ್ಟಿರಬೇಕು, ಪ್ರತಿಫಲ ಕೇಳಿರಬಾರದು, ಉಳಿದವರ ಸಾಕ್ಷ್ಯ ಅಥವಾ ದಾಖಲೆ ಇರಬೇಕು. ಪ್ರಸ್ಥಭೂಮಿಯಲ್ಲಿ ಈ ಷರತ್ತುಗಳು ಎಲ್ಲಿ ತೊಡಕುತ್ತವೆ ನೋಡಿ. ನಾಲ್ಕು ವರ್ಷದ ಮಗುವಾಗಿ ಬಂದವನಿಗೆ ಮನೆಯೊಡತಿಯ ಮನೆತನದ ಹೆಸರು ನೆನಪಿಲ್ಲ, ‘ಅತ್ತೆ’ ಎಂದಷ್ಟೇ ಗೊತ್ತು. ಒಡತಿಗೆ ಮಗುವಿನ ನಿಜವಾದ ಹೆಸರು ತಿಳಿದಿರಲೇ ಇಲ್ಲ. ಸಾಕ್ಷಿ ಹೇಳುವಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಾರೆ. ನೆದರ್‌ಲೆಂಡ್ಸ್‌ನ ನ್ಯೂವ್‌ಲಾಂಡೆ ಎಂಬ ಹಳ್ಳಿಯಲ್ಲಿ ಮನೆಗೊಬ್ಬರಂತಾದರೂ ಬಚ್ಚಿಡಬೇಕೆಂದು ನಿಶ್ಚಯಿಸಿದ್ದರಿಂದ, ಯಾದ್ ವಶೆಮ್ ಅಲ್ಲಿಯ 117 ಜನರನ್ನು ಹೆಸರಿಡಿದು ಗೌರವಿಸಿತು. ಶಾಂಬೋಂ ಪ್ರದೇಶದಲ್ಲೂ ತ್ರೋಕ್ಮೆ ದಂಪತಿ, ತೇಸ್, ಶಾಲಾ ಮುಖ್ಯೋಪಾಧ್ಯಾಯ ರೊಜೇ ದಾರ್ಸಿಸಾಕ್, ಎರಿತಿಯೇ ದಂಪತಿ ಸೇರಿ ಹಲವಾರು ಮಂದಿಗೆ ಬಿರುದು ಬಂದಿದೆ. ಹೆಸರು ಸಿಗದವರು ಅದಕ್ಕಿಂತ ಹೆಚ್ಚು.

ದುಡ್ಡಿನ ವಿಷಯವನ್ನೂ ಮುಚ್ಚಿಡಬಾರದು. ಪಾಂಸಿಯೋಂ ನಡೆಸುತ್ತಿದ್ದವರು ತಿಂಗಳ ಬಾಡಿಗೆ, ಊಟದ ಖರ್ಚು ತೆಗೆದುಕೊಳ್ಳುತ್ತಿದ್ದರು. ಅದೇ ಅವರ ಜೀವನ. ಇರುವವರು ಕೊಡುತ್ತಿದ್ದರು, ಇಲ್ಲದವರ ಪಾಲನ್ನು ನೆರವು ಸಂಸ್ಥೆ ಕಟ್ಟುತ್ತಿತ್ತು. ಬಾಡಿಗೆ ನಿಂತ ಮೇಲೂ ಇಟ್ಟುಕೊಂಡರೇ, ಪೊಲೀಸ್ ಬಂದಾಗ ಏನು ಮಾಡಿದರು ಎಂಬುದೇ ಕೇಳಬೇಕಾದ ಪ್ರಶ್ನೆ. ಬಾಡಿಗೆಯ ಪುಸ್ತಕ ಸಿಕ್ಕಿತೆಂದು ಮುಜುಗರಪಟ್ಟು ಪೆಟ್ಟಿಗೆಯಿಂದ ಹೊರಗಿಡುವ ಸಂಗ್ರಹಾಲಯ ತನ್ನ ಅತ್ಯುತ್ತಮ ದಾಖಲೆಯನ್ನೇ ಕಳೆದುಕೊಳ್ಳುತ್ತದೆ.

ಶಾಂಬೋಂನ ತಾಣ ಈ ಜಗಳವನ್ನು ಬಗೆಹರಿಸಿದ ರೀತಿ ಒಪ್ಪುವಂಥದ್ದು. ಕಟ್ಟಡ ಒಂದೂರಿನದಾದರೂ ಹೇಳುವುದು ಪ್ರಸ್ಥಭೂಮಿಯ ಕಥೆ. ಪ್ರತಿರೋಧವನ್ನು ನಾಗರಿಕ, ಆಧ್ಯಾತ್ಮಿಕ, ಸಶಸ್ತ್ರ ಎಂದು ಮೂರಾಗಿ ವಿಂಗಡಿಸಿ ಒಂದನ್ನೊಂದು ನುಂಗದಂತೆ ಇಟ್ಟಿದ್ದಾರೆ. ಇತಿಹಾಸದ ವಿವರಣೆಗೆ ಒಂದು ಭಾಗ, ಬದುಕಿ ಉಳಿದವರ ಮತ್ತು ಉಳಿಸಿದವರ ವಿಡಿಯೋ ಮಾತುಗಳಿಗೆ ಬೇರೊಂದು ಕೋಣೆ, ಹೊರಗೆ ನೆನಪಿನ ತೋಟ.

ರೋಶ್ ಮನೆ

ಗೆದ್ದ ಕಥೆಯೊಳಗೆ ಸೋತದ್ದನ್ನು ಎಲ್ಲಿಡುವುದು? 1943ರ ಫೆಬ್ರವರಿ 13ರಂದು ತ್ರೋಕ್ಮೆ, ತೇಸ್, ದಾರ್ಸಿಸಾಕ್ ಮೂವರನ್ನೂ ಫ್ರೆಂಚ್ ಪೊಲೀಸರು ಹಿಡಿದು ಲಿಮೋಜ್ ಹತ್ತಿರದ ಶಿಬಿರದಲ್ಲಿಟ್ಟು ಕೆಲವು ವಾರಗಳ ಮೇಲೆ ಬಿಟ್ಟರು. ಆ ಭಾಗವನ್ನು ಎಲ್ಲರೂ ಹೇಳುತ್ತಾರೆ. ಜೂನ್ 29ರ ಬೆಳಿಗ್ಗೆ ಆದದ್ದು ಬೇರೆ. ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೋ ‘ಮೆಜೋಂ ದೆ ರೋಶ್’ ಎಂಬ ವಿದ್ಯಾರ್ಥಿಗಳ ವಸತಿಗೃಹವನ್ನು ಮುತ್ತಿ 18 ವಿದ್ಯಾರ್ಥಿಗಳನ್ನೂ, ಅದರ ಮೇಲ್ವಿಚಾರಕ ದಾನಿಯೆಲ್ ತ್ರೋಕ್ಮೆಯನ್ನೂ ಎಳೆದೊಯ್ದಿತು. ದಾನಿಯೆಲ್ ಪಾದ್ರಿಯ ದಾಯಾದಿ, ಮೂವತ್ತೊಂದು ವರ್ಷದ ಶಿಕ್ಷಕ, ಹೃದಯದ ಕಾಯಿಲೆಯವನು. ಹುಡುಗರನ್ನು ಬಿಟ್ಟು ತಪ್ಪಿಸಿಕೊಳ್ಳಲು ಒಪ್ಪಲಿಲ್ಲ. 1944ರ ಏಪ್ರಿಲ್‌ನಲ್ಲಿ ಪೋಲೆಂಡಿನ ಮಾಯ್ದಾನೆಕ್ ಶಿಬಿರದಲ್ಲಿ ತೀರಿಕೊಂಡ. ಒಯ್ದ ಹುಡುಗರಲ್ಲಿ ಹಲವರು ಹಿಂತಿರುಗಲಿಲ್ಲ.

ಯಾಕೆ ಇದೊಂದು ಮನೆ ಸಿಕ್ಕಿಬಿತ್ತು? ತಾಂತ್ರಿಕವಾಗಿ ನೋಡಿದರೆ ಕಾರಣ ಕಾಣುತ್ತದೆ. ಅಲ್ಲಿದ್ದವರು ಮಕ್ಕಳಲ್ಲ, ಪ್ರಾಯದ ಗಂಡಸರು. ಅನೇಕರನ್ನು ಬಂಧನ ಶಿಬಿರದಿಂದ ಅಧಿಕೃತವಾಗಿ ಬಿಡಿಸಿ ತಂದಿದ್ದರಿಂದ ಅವರ ಹೆಸರು, ವಿಳಾಸ ಜಿಲ್ಲಾಡಳಿತದ ಕಡತದಲ್ಲೇ ಇದ್ದವು. ಎಲ್ಲರೂ ಒಂದೇ ಸೂರಿನಡಿ. ಹಿಂದೆಯೂ ಪೊಲೀಸರು ಆ ಮನೆಗೆ ಬಂದದ್ದುಂಟು. ಚದುರಿದ ತೋಟದ ಮನೆಗಳ ಬಲವೇನಿತ್ತೋ ಅದರ ತದ್ವಿರುದ್ಧವೆಲ್ಲ ಇಲ್ಲಿ ಕೂಡಿತ್ತು. ಇದನ್ನು ಕಥೆಯ ಕೊನೆಯಲ್ಲಿ ಒಂದು ಶೋಕದ ಫಲಕವಾಗಿ ಇಡುವುದಕ್ಕಿಂತ, ಬಚ್ಚಿಡುವ ಕ್ರಮ ವಿವರಿಸುವ ಜಾಗದಲ್ಲೇ ಇಡಬೇಕು. ಕ್ರಮ ಯಾಕೆ ಹಾಗಿತ್ತು ಎಂಬುದು ಅದು ತಪ್ಪಿದಲ್ಲಿ ಗೊತ್ತಾಗುತ್ತದೆ. ಊರಿನ ವೈದ್ಯ ರೊಜೇ ಲ ಫೊರೆಸ್ತಿಯೇ ಅವರನ್ನು ಜರ್ಮನರು 1944ರ ಆಗಸ್ಟ್ 20ರಂದು, ಬಿಡುಗಡೆ ಕೈಗೆಟುಕುವಷ್ಟು ಹತ್ತಿರವಿದ್ದಾಗ, ಲಿಯೋಂ ಬಳಿಯ ಸೆಂ-ಜೆನಿಸ್-ಲವಾಲ್‌ನಲ್ಲಿ ಇತರ ಕೈದಿಗಳೊಂದಿಗೆ ಕೊಂದರು.

ತಡವಾದದ್ದು

ಮೊದಲ ಫಲಕವನ್ನು ಉಳಿದುಹೋದ ಯಹೂದಿಗಳು ತಾವೇ ಮುಂದಾಗಿ 1979ರಲ್ಲಿ ಪ್ರಾರ್ಥನಾಲಯದ ಎದುರು ಹಾಕಿಸಿದರು. ಅಲ್ಲಿಂದ ಸಂಗ್ರಹಾಲಯಕ್ಕೆ 34 ವರ್ಷ. ನಡುವೆ 2004ರ ಜುಲೈ 8ರಂದು ಅಧ್ಯಕ್ಷ ಜಾಕ್ ಶಿರಾಕ್ ಅಲ್ಲಿಗೇ ಬಂದು ಜನಾಂಗ ದ್ವೇಷದ ವಿರುದ್ಧ ಭಾಷಣ ಮಾಡಿದರು. ಇಷ್ಟು ತಡವಾಗಲು ಊರೂರಿನ ಪೈಪೋಟಿ ಒಂದು ಕಾರಣ. ಜನರ ಸ್ವಭಾವವೂ ಒಂದು: ಮಾಡಬೇಕಾದ್ದು ಮಾಡಿದೆವು, ಅದನ್ನು ಹೇಳಿಕೊಂಡು ತಿರುಗುವುದೇನು ಎಂಬ ಮನೋಭಾವದವರಿಂದ ಸಾಕ್ಷ್ಯ ಬರೆಸಿಕೊಳ್ಳುವುದು ಸುಲಭದ ಮಾತಲ್ಲ.

ತಡದ ಬೆಲೆ ಸಾಕ್ಷ್ಯದಲ್ಲಿ ತೆರಬೇಕಾಗುತ್ತದೆ. ಐವತ್ತು ವರ್ಷದ ಮೇಲೆ ಹೇಳಿದ್ದರಲ್ಲಿ ಆಮೇಲೆ ಓದಿದ ಪುಸ್ತಕ, ನೋಡಿದ ಸಿನಿಮಾ ಬೆರೆತಿರುತ್ತವೆ. ಮಾತಿನ ವಿಡಿಯೋ ಹಾಕುವಾಗ ಘಟನೆಯ ತಾರೀಖಿನ ಜೊತೆ ಮಾತು ಹೇಳಿದ ತಾರೀಖನ್ನೂ ಕಾಣುವಂತೆ ಬರೆಯಬೇಕು. ದಾಖಲೆಯೊಡನೆ ತಾಳೆಯಾಗದಿದ್ದರೆ ಮಾತನ್ನು ಕತ್ತರಿಸದೆ ಪಕ್ಕದಲ್ಲಿ ದಾಖಲೆ ಇಡಬೇಕು. ಧ್ವನಿಮುದ್ರಣ ಪೂರ್ತಿ ಉಳಿಸಿ, ಪ್ರದರ್ಶನಕ್ಕೆ ಮೂರು ನಾಲ್ಕು ನಿಮಿಷದ ತುಣುಕು ಸಾಕು. ಇನ್ನೊಂದು ಸಣ್ಣ ವಿಷಯ, ‘ಆ ಮನೆ ಯಾವುದು, ತೋರಿಸಿ’ ಎಂದು ಶಾಲೆಯ ಮಕ್ಕಳು ಖಂಡಿತ ಕೇಳುತ್ತಾರೆ. ತೋಟದ ಮನೆಗಳು ಇಂದಿಗೂ ಯಾರೋ ಸಂಸಾರ ಮಾಡುತ್ತಿರುವ ಮನೆಗಳು. ನಕ್ಷೆಯಲ್ಲಿ ಗುರುತಿಸುವ ಮೊದಲು ಈಗಿನವರ ಒಪ್ಪಿಗೆ ಬೇಕು.

ಎರಿಕ್ ಶ್ವಾಮ್ ಎಂಬ ವಿಯೆನ್ನಾದ ಹುಡುಗ 1943ರಲ್ಲಿ ಮನೆಯವರೊಂದಿಗೆ ಶಾಂಬೋಂಗೆ ಬಂದ, 1950ರವರೆಗೆ ಅಲ್ಲಿದ್ದ, ಆಮೇಲೆ ಔಷಧಶಾಸ್ತ್ರ ಓದಿ ಲಿಯೋಂನಲ್ಲಿ ನೆಲೆಸಿದ. 2020ರ ಡಿಸೆಂಬರ್ 25ರಂದು, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಉಯಿಲಿನಲ್ಲಿ ತನ್ನ ಆಸ್ತಿಯನ್ನು ಊರಿನ ಮಕ್ಕಳ ವಿದ್ಯೆಗೆಂದು ಬಿಟ್ಟಿದ್ದ. ಸುಮಾರು 20 ಲಕ್ಷ ಯೂರೋ ಎಂದು ಪತ್ರಿಕೆಗಳು ಬರೆದವು. ವರದಿಗಾರರು ಫೋನ್ ಮಾಡಿ ಅವನ ಬಗ್ಗೆ ಕೇಳಿದಾಗ ಊರಿನವರ ಬಳಿ ಹೇಳಲು ಹೆಚ್ಚೇನೂ ಇರಲಿಲ್ಲ. ಯಾರೀತ, ಎಲ್ಲಿದ್ದ ಎಂದು ಹಳೆಯ ಕಡತಗಳನ್ನು ಅವರೇ ಕೆದಕಬೇಕಾಯಿತು.